ಗೇಟಿನಿಂದ ಬೆಂಚಿನವರೆಗೆ: 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದ ಅನುಭವ

2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮೊದಲಿನ ವೇಳಾಪಟ್ಟಿಯಂತೆ ಮಾರ್ಚ್ 27ರಿಂದ ಏಪ್ರಿಲ್ 9ರವರೆಗೆ ನಡೆಯಬೇಕಿತ್ತು. ಮಾರ್ಚ್ 22ರ ಜನತಾ ಕರ್ಫ್ಯೂ, ಅದರ ಬೆನ್ನಿಗೇ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಬಂದು ಎಲ್ಲವೂ ನಿಂತಿತು. ಮೇ ತಿಂಗಳಲ್ಲಿ ಹೊಸ ದಿನಾಂಕ ಪ್ರಕಟವಾಯಿತು: ಜೂನ್ 25ರಿಂದ ಪರೀಕ್ಷೆ. ರಾಜ್ಯದಲ್ಲಿ ಸುಮಾರು 8.48 ಲಕ್ಷ ಮಕ್ಕಳು ನೋಂದಾಯಿಸಿಕೊಂಡಿದ್ದರು. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನ್ನನ್ನು ಪಟ್ಟಣದ ಒಂದು ಪರೀಕ್ಷಾ ಕೇಂದ್ರಕ್ಕೆ ಉಪ ಮುಖ್ಯ ಅಧೀಕ್ಷಕನನ್ನಾಗಿ ನೇಮಿಸಲಾಗಿತ್ತು. ಪರೀಕ್ಷೆ ನಡೆಸುವುದು ನಮಗೆ ಹೊಸದೇನಲ್ಲ. ಖಜಾನೆಯಿಂದ ಪ್ರಶ್ನೆಪತ್ರಿಕೆ ತರುವ ಮಾರ್ಗಾಧಿಕಾರಿ, ಕೇಂದ್ರದಲ್ಲೇ ಕುಳಿತು ಕಾವಲು ಕಾಯುವ ಸಿಟ್ಟಿಂಗ್ ಸ್ಕ್ವಾಡ್, ನಮ್ಮೆಲ್ಲರ ಫೋನುಗಳನ್ನು ಕಟ್ಟಿಟ್ಟುಕೊಳ್ಳುವ ಮೊಬೈಲ್ ಸ್ವಾಧೀನಾಧಿಕಾರಿ, ಇವರೆಲ್ಲರ ಕೆಲಸ ನಮಗೆ ಬಾಯಿಪಾಠವಾಗಿದೆ. ಆದರೆ ಆ ವ್ಯವಸ್ಥೆಯೆಲ್ಲ ಕಟ್ಟಿದ್ದು ನಕಲು ತಡೆಯುವುದಕ್ಕೆ. ಕೊರೊನಾ ಸೋಂಕು ತಡೆಯಲು ಏನು ಮಾಡಬೇಕೆಂಬುದನ್ನು ಒಂದು ತಿಂಗಳೊಳಗೆ ಕಲಿಯಬೇಕಿತ್ತು.

ನಮ್ಮ ತಾಲ್ಲೂಕಿನ ಪರಿಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಹುಟ್ಟಿದ ಬೂಕನಕೆರೆ ಇರುವುದು ಇದೇ ತಾಲ್ಲೂಕಿನಲ್ಲಿ, ಅದನ್ನು ಎಲ್ಲರೂ ಬಲ್ಲರು. ಆದರೆ ಇಲ್ಲಿಂದ ಮುಂಬೈಗೆ ದುಡಿಯಲು ಹೋದವರ ಸಂಖ್ಯೆ ಎಷ್ಟು ದೊಡ್ಡದೆಂಬುದು ಹೊರಗಿನವರಿಗೆ ಗೊತ್ತಾದದ್ದು 2020ರ ಮೇ ತಿಂಗಳಲ್ಲಿ. ಅಲ್ಲಿ ಕೆಲಸ ನಿಂತು, ಬಾಡಿಗೆ ಕಟ್ಟಲಾಗದೆ, ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಪಾಸ್ ಪಡೆದು ಊರಿಗೆ ಮರಳಿದ ಕುಟುಂಬಗಳನ್ನು ಹಾಸ್ಟೆಲುಗಳಲ್ಲೂ ವಸತಿ ಶಾಲೆಗಳಲ್ಲೂ ಕ್ವಾರಂಟೈನ್‌ಗೆ ಇರಿಸಲಾಯಿತು. ಅವರಲ್ಲಿ ಹಲವರಿಗೆ ಸೋಂಕು ದೃಢಪಟ್ಟು ಜಿಲ್ಲೆಯ ಪ್ರಕರಣಗಳು ಒಮ್ಮೆಲೇ ಏರಿದವು. ಸಂಜೆಯ ಬುಲೆಟಿನ್‌ನಲ್ಲಿ ಮಂಡ್ಯದ ಹೆಸರು ಬಂದಾಗಲೆಲ್ಲ ನಮ್ಮ ಪೇಟೆಯ ಬೀದಿಗಳು ಮತ್ತಷ್ಟು ಬೇಗ ಖಾಲಿಯಾಗುತ್ತಿದ್ದವು. ಇಂಥ ತಾಲ್ಲೂಕಿನಲ್ಲಿ ಮಕ್ಕಳನ್ನು ಒಂದೆಡೆ ಸೇರಿಸಿ ಪರೀಕ್ಷೆ ಬರೆಸುತ್ತೇವೆಂದು ಹೇಳಿದರೆ ಹೆತ್ತವರು ಹೆದರುವುದು ಸಹಜವೇ. ಜೂನ್ ಎರಡನೇ ವಾರದಲ್ಲಿ ತೆಲಂಗಾಣ ಮತ್ತು ತಮಿಳುನಾಡು ಹತ್ತನೇ ತರಗತಿಯ ಪರೀಕ್ಷೆಯನ್ನೇ ಕೈಬಿಟ್ಟು ಎಲ್ಲರನ್ನೂ ತೇರ್ಗಡೆ ಮಾಡಿದಾಗ, ನಮ್ಮಲ್ಲಿಯೂ ಹಾಗೇ ಆಗುತ್ತದೆಂದು ಶಿಕ್ಷಕರ ಕೊಠಡಿಯಲ್ಲಿ ಪಂದ್ಯ ಕಟ್ಟಿದವರಿದ್ದರು. ಹಾಗಾಗಲಿಲ್ಲ. ಶಿಕ್ಷಣ ಸಚಿವ ಸುರೇಶ್ ಕುಮಾರ್ ಅವರು ಪರೀಕ್ಷೆ ನಡೆದೇ ನಡೆಯುತ್ತದೆಂದು ಹೇಳುತ್ತಲೇ ಇದ್ದರು, ನ್ಯಾಯಾಲಯಗಳೂ ತಡೆ ನೀಡಲಿಲ್ಲ.

ಮೊದಲ ಕೆಲಸ ಮಕ್ಕಳನ್ನು ಹುಡುಕುವುದು. ಮೂರು ತಿಂಗಳು ಶಾಲೆಯ ಮುಖ ನೋಡದ ಮಕ್ಕಳು ಎಲ್ಲಿದ್ದಾರೆ, ಪರೀಕ್ಷೆಯ ದಿನ ಯಾವ ಊರಿನಿಂದ ಬರುತ್ತಾರೆ, ಬರಲು ವಾಹನವಿದೆಯೇ, ಮನೆಯಲ್ಲಿ ಯಾರಾದರೂ ಕ್ವಾರಂಟೈನ್‌ನಲ್ಲಿದ್ದಾರೆಯೇ ಎಂಬ ಮಾಹಿತಿಯನ್ನು ಪ್ರತಿ ಶಾಲೆಯೂ ಫೋನಿನಲ್ಲಿ ಸಂಗ್ರಹಿಸಿ ಕೊಡಬೇಕಿತ್ತು. ದಾಖಲಾತಿಯಲ್ಲಿದ್ದ ಅರ್ಧದಷ್ಟು ಸಂಖ್ಯೆಗಳು ಬದಲಾಗಿದ್ದವು. ಸಿಕ್ಕ ಸಂಖ್ಯೆಗೆ ಹಗಲಿನಲ್ಲಿ ಕರೆ ಮಾಡಿದರೆ ಫೋನು ಅಪ್ಪನ ಜೇಬಿನಲ್ಲಿ ಗದ್ದೆಯಲ್ಲಿರುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಮಾಡಿದರೆ ಮಾತ್ರ ಮಕ್ಕಳು ಸಿಗುತ್ತಿದ್ದರು. ನಮ್ಮ ಶಾಲೆಯ ಕೆಲವು ಹುಡುಗರು ಆಲೆಮನೆಗೆ ಕೂಲಿಗೆ ಹೋಗುತ್ತಿದ್ದರು, ಕಬ್ಬು ಅರೆಯುವ ಗಾಣದ ಬಳಿ ದಿನಕ್ಕಿಷ್ಟು ಎಂದು ದುಡಿದು ಮನೆಗೆ ಕೊಟ್ಟ ಹಣದ ರುಚಿ ಕಂಡಿದ್ದ ಅವರನ್ನು ಮತ್ತೆ ಪುಸ್ತಕದ ಮುಂದೆ ಕೂರಿಸುವುದು ಸೋಂಕಿನಷ್ಟೇ ಕಷ್ಟದ ವಿಷಯವಾಗಿತ್ತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪುನರಾವರ್ತನೆಯ ಪಾಠಗಳು ಬರುತ್ತಿದ್ದವು, ಪಾಠಗಳೂ ಚೆನ್ನಾಗಿದ್ದವು. ಆದರೆ ನಮ್ಮ ಹಳ್ಳಿಗಳಲ್ಲಿ ಕರೆಂಟು ಯಾವ ವೇಳಾಪಟ್ಟಿಯನ್ನೂ ಕೇಳುವುದಿಲ್ಲ.

ಹೆತ್ತವರ ಪ್ರಶ್ನೆಗಳು ಮಾತ್ರ ನೇರವಾಗಿರುತ್ತಿದ್ದವು. ಒಬ್ಬರು ಕೇಳಿದರು: “ಬಸ್ಸೇ ಸರ್ಯಾಗಿಲ್ವಲ್ಲ ಮೇಷ್ಟ್ರೇ, ಹೆಂಗ್ ಕಳ್ಸದು ಮಗೀನ?” ಇನ್ನೊಬ್ಬ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ನಿಮ್ ಮಗ್ಳಿದ್ದಿದ್ರೆ ಕಳ್ಸ್ತಿದ್ರಾ ಸಾ?” ಎಂದರು. ಕಳಿಸುತ್ತಿದ್ದೆ ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಆದರೆ ಆ ಉತ್ತರ ಕೊಟ್ಟ ಮೇಲೆ ಕೇಂದ್ರದ ಪ್ರತಿಯೊಂದು ಏರ್ಪಾಡನ್ನೂ ಆ ತಾಯಿಯ ಕಣ್ಣಿನಿಂದಲೇ ನೋಡುವುದು ಅನಿವಾರ್ಯವಾಯಿತು. ಬಸ್ಸಿನ ಸಮಸ್ಯೆ ಕ್ರಮೇಣ ಬಗೆಹರಿಯಿತು. ಪ್ರವೇಶ ಪತ್ರ ತೋರಿಸಿದ ಮಕ್ಕಳಿಗೆ ಕೆ.ಎಸ್.ಆರ್.ಟಿ.ಸಿ. ಉಚಿತ ಪ್ರಯಾಣಕ್ಕೆ ಅವಕಾಶ ಕೊಟ್ಟಿತು. ಬಸ್ಸಿಲ್ಲದ ಊರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಖಾಸಗಿ ಶಾಲೆಯ ವ್ಯಾನು ಯಾವ ದಾರಿಯಲ್ಲಿ ಹೋಗಿ ಎಷ್ಟು ಮಕ್ಕಳನ್ನು ಕರೆತರಬೇಕೆಂಬ ನಕ್ಷೆಯನ್ನು ನಮ್ಮ ಸಿ.ಆರ್.ಪಿ. (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಒಬ್ಬರು ಚಾರ್ಟ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಇಡೀ ಪರೀಕ್ಷೆಯಲ್ಲಿ ನಾನು ಕಂಡ ಅತ್ಯಂತ ಉಪಯುಕ್ತ ದಾಖಲೆ ಅದೇ.

ಕೊಠಡಿಗಳ ಲೆಕ್ಕಾಚಾರ ನನ್ನ ಪಾಲಿಗೆ ಬಂತು. ಹಿಂದಿನ ವರ್ಷಗಳಲ್ಲಿ ಒಂದು ಕೊಠಡಿಗೆ 24 ಮಕ್ಕಳು. ಈ ಬಾರಿ ಕೊಠಡಿಯ ಅಳತೆ ನೋಡಿ 18ರಿಂದ 20 ಮಕ್ಕಳನ್ನು ಮಾತ್ರ ಕೂರಿಸಬೇಕು, ಬೆಂಚಿಗೆ ಒಬ್ಬರೇ ಇರಬೇಕು. ಹಾಗಾಗಿ ಹೆಚ್ಚು ಕೊಠಡಿ, ಹೆಚ್ಚು ಬೆಂಚು, ಹೆಚ್ಚು ಮೇಲ್ವಿಚಾರಕರು ಬೇಕಾದರು. ಪ್ರಯೋಗಾಲಯದ ಮೇಜುಗಳನ್ನು ಹೊರಗಿಟ್ಟು ಅದನ್ನೂ ಕೊಠಡಿ ಮಾಡಿದೆವು, ಪಕ್ಕದ ಪ್ರಾಥಮಿಕ ಶಾಲೆಯಿಂದ ಎರಡು ಕೊಠಡಿ ಪಡೆದೆವು. ಆ ಶಾಲೆಯ ಬೆಂಚುಗಳು ಐದನೇ ತರಗತಿಯ ಮಕ್ಕಳ ಅಳತೆಯವು, ಹತ್ತನೆಯವರ ಮೊಣಕಾಲು ಒಳಗೆ ಹೋಗುವುದಿಲ್ಲವೆಂದು ತಿಳಿದದ್ದು ಜೋಡಿಸಿ ಮುಗಿಸಿದ ಮೇಲೆ. ಮತ್ತೆ ಎತ್ತಿಸಿ, ಪೇಟೆಯ ಬೇರೊಂದು ಶಾಲೆಯಿಂದ ಟ್ರ್ಯಾಕ್ಟರಿನಲ್ಲಿ ಬೆಂಚು ತರಿಸಿದೆವು. ಬೆಂಚಿನಿಂದ ಬೆಂಚಿಗೆ ಮೂರು ಅಡಿಗೂ ಹೆಚ್ಚು ಅಂತರವಿರುವಂತೆ ಟೇಪು ಹಿಡಿದು ಅಳೆದು, ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕಸ ಗುಡಿಸುವವರು ಸರಿಸಿದರೂ ಮತ್ತೆ ಅದೇ ಜಾಗಕ್ಕೆ ಬರುವಂತೆ ಮಾಡಿದ್ದಾಯಿತು. ನಂತರ ಪಟ್ಟಣದ ಪುರಸಭೆಯವರು ಬಂದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಿದರು. ಅದರ ವಾಸನೆ ಹೋಗಲು ಕಿಟಕಿಗಳನ್ನು ರಾತ್ರಿಯಿಡೀ ತೆರೆದಿಡಬೇಕಾಯಿತು. ಈಗ ಯೋಚಿಸಿದರೆ, ಆ ದ್ರಾವಣಕ್ಕಿಂತ ತೆರೆದಿಟ್ಟ ಕಿಟಕಿಗಳೇ ನಮ್ಮನ್ನು ಹೆಚ್ಚು ಕಾಪಾಡಿರಬೇಕು. ಗಾಳಿಯಲ್ಲಿ ತೇಲುವ ಸಣ್ಣ ಹನಿಗಳ ಮೂಲಕ ಸೋಂಕು ಹರಡುವ ಬಗ್ಗೆ ತಿಳಿವಳಿಕೆ ಗಟ್ಟಿಯಾದದ್ದು ಆಮೇಲೆ. ಆಗ ನಮ್ಮೆಲ್ಲರ ಗಮನ ಬಾಗಿಲ ಹಿಡಿ, ಬೆಂಚಿನ ಮೇಲ್ಮೈ, ನೋಟು, ಕಾಗದ ಇವುಗಳ ಮೇಲಿತ್ತು.

ಕೊಠಡಿಯ ಒಳಗಿನ ವ್ಯವಸ್ಥೆ ಇಷ್ಟಕ್ಕೆ ಮುಗಿಯಿತು. ಮೊಳೆ ಹೊಡೆದಂತೆ ಬೆಂಚು ನಿಂತ ಮೇಲೆ ಅಂತರ ತಾನಾಗಿಯೇ ಉಳಿಯುತ್ತದೆ. ಕಷ್ಟವೆಲ್ಲ ಇದ್ದದ್ದು ಗೇಟಿನಿಂದ ಬೆಂಚಿನವರೆಗಿನ ದಾರಿಯಲ್ಲಿ, ಮತ್ತು ಬರೆದು ಮುಗಿದ ಮೇಲೆ ಬೆಂಚಿನಿಂದ ಗೇಟಿನವರೆಗೆ ಹಿಂತಿರುಗುವಾಗ. ಈ ತಿಳಿವಳಿಕೆ ನಮಗೆ ಬಂದದ್ದು ಸುತ್ತೋಲೆಯಿಂದಲ್ಲ. ಮಾರ್ಚ್‌ನಲ್ಲಿ ನಿಂತುಹೋಗಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಜೂನ್ 18ರಂದು ನಡೆಯಿತು. ಅಂದು ರಾಜ್ಯದ ಹಲವೆಡೆ ಕೇಂದ್ರಗಳ ಮುಂದೆ ಮಕ್ಕಳು ಗುಂಪುಗೂಡಿ ನಿಂತ ಚಿತ್ರಗಳು ಮರುದಿನ ಪತ್ರಿಕೆಗಳಲ್ಲಿ ಬಂದವು. ಎಲ್ಲರೂ ನೂಕಾಡುತ್ತಿದ್ದದ್ದು ನೋಟಿಸ್ ಬೋರ್ಡಿನ ಮುಂದೆ, ತಮ್ಮ ನೋಂದಣಿ ಸಂಖ್ಯೆ ಯಾವ ಕೊಠಡಿಯಲ್ಲಿದೆ ಎಂದು ನೋಡಲು. ಬೋರ್ಡಿನ ಮುಂದೆ ಐದು ನಿಮಿಷ ಮೈಗೆ ಮೈ ತಾಗಿಸಿ ನಿಂತ ಮಗುವನ್ನು ಆಮೇಲೆ ಮೂರು ಗಂಟೆ ದೂರ ದೂರ ಕೂರಿಸಿ ಏನು ಪ್ರಯೋಜನ? ನಮ್ಮ ಮುಖ್ಯ ಅಧೀಕ್ಷಕರು ಆ ಪತ್ರಿಕೆಯನ್ನು ಮೇಜಿನ ಮೇಲೆ ಹರವಿ, ಒಂದೊಂದು ಚಿತ್ರಕ್ಕೂ ಬೆರಳಿಟ್ಟು, ಇದು ನಮ್ಮಲ್ಲಿ ಆಗುವ ಜಾಗ ಯಾವುದು ಹೇಳಿ ಎಂದು ಕೇಳಿದರು. ಅಂದಿನ ಸಭೆಯಲ್ಲಿ ನಾವು ಕೊಠಡಿಯ ವಿಷಯ ಮಾತಾಡಲೇ ಇಲ್ಲ.

ಆ ಸಭೆಯಿಂದ ಹೊರಬಂದ ಏರ್ಪಾಡುಗಳು ಬಹಳ ಸರಳವಾದವು. ಪ್ರತಿ ಮಗುವಿಗೂ ಅದರ ಕೊಠಡಿ ಸಂಖ್ಯೆಯನ್ನು ಆಯಾ ಶಾಲೆಯ ಶಿಕ್ಷಕರೇ ಎರಡು ದಿನ ಮುಂಚೆ ಫೋನಿನಲ್ಲಿ ತಿಳಿಸಿ, ಪ್ರವೇಶ ಪತ್ರದ ಜೊತೆಗಿಟ್ಟುಕೊಳ್ಳುವ ಚೀಟಿಯಲ್ಲಿ ಬರೆದುಕೊಳ್ಳಲು ಹೇಳಬೇಕು. ಆದರೂ ಮರೆತು ಬರುವವರಿಗಾಗಿ ಒಂದೇ ಬೋರ್ಡಿನ ಬದಲು ಆವರಣದ ನಾಲ್ಕು ಕಡೆ ಪಟ್ಟಿ ಹಚ್ಚಬೇಕು. ಹಿಂಬದಿಯ ಗೇಟು, ಅದಕ್ಕೆ ತುಕ್ಕು ಹಿಡಿದು ಎಷ್ಟು ವರ್ಷವಾಗಿತ್ತೋ, ಅದನ್ನು ಎಣ್ಣೆ ಬಿಟ್ಟು ತೆಗೆಸಿ ಅರ್ಧ ಮಕ್ಕಳನ್ನು ಅಲ್ಲಿಂದ ಬಿಡಬೇಕು. ಮಕ್ಕಳು ಬಂದ ಕೂಡಲೇ ನೇರ ಕೊಠಡಿಗೆ ಹೋಗಿ ಕೂರಬೇಕು, ಮರದ ಕೆಳಗೆ ನಿಂತು ಕೊನೆಯ ಗಳಿಗೆಯ ಓದು ಬೇಡ. ಓದಬೇಕೆನ್ನುವವರು ಬೆಂಚಿನಲ್ಲೇ ಕುಳಿತು ಓದಲಿ, ಪುಸ್ತಕವನ್ನು ಗಂಟೆ ಹೊಡೆಯುವ ಮೊದಲು ಹೊರಗಿಡಿಸಿದರಾಯಿತು. ಪರೀಕ್ಷೆಯ ದಿನ ಕೊಠಡಿಯೊಳಗೆ ಪುಸ್ತಕ ಬಿಡುವುದೆಂದರೆ ಹಿಂದಿನ ವರ್ಷಗಳಲ್ಲಿ ಯಾರೂ ಒಪ್ಪುವ ಮಾತಲ್ಲ. ಹಳಬರೊಬ್ಬರು ಇದಕ್ಕೆ ಬಲವಾಗಿ ಆಕ್ಷೇಪಿಸಿದರು. ನಕಲಿನ ಭಯಕ್ಕೂ ಸೋಂಕಿನ ಭಯಕ್ಕೂ ನಡುವೆ ಒಂದನ್ನು ಆರಿಸಬೇಕಾದ ಸಂದರ್ಭ ಅದು, ನಾವು ಸೋಂಕಿನ ಕಡೆ ವಾಲಿದೆವು. ನನಗೆ ಇಂದಿಗೂ ಅದು ಸರಿಯೆನಿಸುತ್ತದೆ.

ಪರೀಕ್ಷೆಯ ಹಿಂದಿನ ದಿನ ಒಂದು ಅಣಕು ಪ್ರದರ್ಶನ ನಡೆಯಿತು. ಶಿಕ್ಷಕರೇ ವಿದ್ಯಾರ್ಥಿಗಳಾಗಿ ಸಾಲಿನಲ್ಲಿ ನಿಂತು, ಆರೋಗ್ಯ ಇಲಾಖೆಯವರು ಹಣೆಗೆ ಥರ್ಮಲ್ ಸ್ಕ್ಯಾನರ್ ಹಿಡಿದು, ಸ್ಯಾನಿಟೈಸರ್ ಹಾಕಿಸಿಕೊಂಡು ಕೊಠಡಿ ಸೇರುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿದೆವು. ಒಂದೇ ಕೌಂಟರಿನಲ್ಲಿ ಎಲ್ಲ ಮಕ್ಕಳನ್ನೂ ಬಿಟ್ಟರೆ ಹತ್ತೂವರೆಗೆ ಪ್ರಶ್ನೆಪತ್ರಿಕೆ ಕೊಡಲಾಗುವುದಿಲ್ಲವೆಂದು ಅಲ್ಲೇ ತಿಳಿಯಿತು. ಇನ್ನೊಂದು ಸ್ಕ್ಯಾನರ್ ಬೇಕೆಂದು ಅಂದೇ ಕೇಳಿ ತರಿಸಿಕೊಂಡೆವು.

ಜೂನ್ 25, ಗುರುವಾರ. ದ್ವಿತೀಯ ಭಾಷೆಯ ಪರೀಕ್ಷೆ. ಎಂಟೂವರೆಯ ಹೊತ್ತಿಗೆ ವ್ಯಾನುಗಳು ಬರತೊಡಗಿದವು. ಗೇಟಿನ ಹೊರಗೆ ಸುಣ್ಣದಲ್ಲಿ ಬರೆದ ವೃತ್ತಗಳಿದ್ದವು, ಪೊಲೀಸರಿದ್ದರು, ಸಮವಸ್ತ್ರದ ಸ್ಕೌಟ್ಸ್ ಹಾಗೂ ಗೈಡ್ಸ್ ಮಕ್ಕಳಿದ್ದರು. ಅವರು ಮಾಸ್ಕ್ ಇಲ್ಲದೆ ಬಂದವರಿಗೆ ಬಟ್ಟೆಯ ಮಾಸ್ಕ್ ಕೊಡುತ್ತಿದ್ದರು. ಕೇಂದ್ರದ 200 ಮೀಟರ್ ಸುತ್ತ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿಗಳಿಗೆ ಬೀಗ, ಇವು ಪ್ರತಿವರ್ಷವೂ ಇರುವಂಥವೇ. ನಕಲು ತಡೆಯಲು ಹುಟ್ಟಿದ ಆ ನಿಯಮ ಈ ವರ್ಷ ಗುಂಪು ತಡೆಯುವುದಕ್ಕೂ ಒದಗಿತು. ಮಕ್ಕಳು ಮೂರು ತಿಂಗಳ ಮೇಲೆ ಗೆಳೆಯರನ್ನು ಕಾಣುತ್ತಿದ್ದರು. ಹೆಣ್ಣುಮಕ್ಕಳಿಬ್ಬರು ವೃತ್ತದಿಂದ ವೃತ್ತಕ್ಕೆ ಕೈ ಚಾಚಿ ಬೆರಳ ತುದಿ ತಾಗಿಸಿದ್ದನ್ನು ಕಂಡು ಗೈಡ್ ಹುಡುಗಿ ಗದರಲು ಹೊರಟಳು. ಇರಲಿ ಬಿಡಮ್ಮ, ಆ ಕಡೆಯೇ ಸ್ಯಾನಿಟೈಸರ್ ಇದೆಯಲ್ಲ ಎಂದೆ.

ಥರ್ಮಲ್ ಸ್ಕ್ಯಾನರ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ಎಲ್ಲರ ಕಣ್ಣೂ ಅದರ ಮೇಲೆಯೇ ಇತ್ತು. ಹಣೆಯ ಚರ್ಮದಿಂದ ಹೊಮ್ಮುವ ಶಾಖವನ್ನು ಅಳೆಯುವ ಉಪಕರಣ ಅದು. ಬಿಸಿಲಿನಲ್ಲಿ ನಾಲ್ಕು ಮೈಲಿ ಸೈಕಲ್ ತುಳಿದು ಬಂದ ಹುಡುಗನ ಹಣೆ ಜ್ವರ ಬಂದವನ ಹಣೆಯಂತೆಯೇ ಬಿಸಿಯಾಗಿರುತ್ತದೆ, ತುಂತುರು ಮಳೆಯಲ್ಲಿ ನೆನೆದು ಬಂದವಳ ಹಣೆ 94 ಡಿಗ್ರಿ ತೋರಿಸುತ್ತದೆ. ಮೊದಲ ದಿನವೇ ಹೆಚ್ಚು ತಾಪಮಾನ ತೋರಿಸಿದ ಮಕ್ಕಳು ಸಾಲಿನಿಂದ ಹೊರಗೆ ನಿಂತು ಬೆವರತೊಡಗಿದರು. ಬೆವರಿಗೆ ಕಾರಣ ಜ್ವರವಲ್ಲ, ಭಯ. ಆರೋಗ್ಯ ಸಹಾಯಕಿಯವರು ಅನುಭವಸ್ಥರು. ಆ ಮಕ್ಕಳನ್ನೆಲ್ಲ ಹೊಂಗೆ ಮರದ ನೆರಳಿನಲ್ಲಿ ದೂರ ದೂರ ಕುರ್ಚಿ ಹಾಕಿ ಕೂರಿಸಿ, ನೀರು ಕುಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರು. ಬಹುತೇಕ ಎಲ್ಲರ ತಾಪಮಾನವೂ ಇಳಿದಿತ್ತು. ಇಳಿಯದಿದ್ದ ಒಬ್ಬ ಹುಡುಗ ಹಿಂದಿನ ರಾತ್ರಿಯಿಂದ ಮೈ ಬಿಸಿಯಿದ್ದದ್ದನ್ನು ಒಪ್ಪಿಕೊಂಡ. ಅವನನ್ನು ಅನಾರೋಗ್ಯದ ಮಕ್ಕಳಿಗೆಂದು ಮೀಸಲಿಟ್ಟ ಪ್ರತ್ಯೇಕ ಕೊಠಡಿಗೆ ಕರೆದೊಯ್ದೆವು. ಸೋಂಕಿದ್ದೂ ಲಕ್ಷಣವಿಲ್ಲದವರನ್ನು ಈ ಉಪಕರಣ ಹಿಡಿಯಲಾರದೆಂಬುದು ನಮಗೆ ಗೊತ್ತಿತ್ತು. ಆದರೂ ದೂರದಲ್ಲಿ ಬೈಕಿನ ಮೇಲೆ ಕುಳಿತು ನೋಡುತ್ತಿದ್ದ ತಂದೆಗೆ, ತನ್ನ ಮಗಳ ಹಣೆಗೆ ಯಾರೋ ಏನನ್ನೋ ಹಿಡಿದು ನೋಡಿ ಒಳಗೆ ಬಿಟ್ಟರೆಂಬ ಧೈರ್ಯ ಅದರಿಂದ ಸಿಗುತ್ತಿತ್ತು.

ಸ್ಯಾನಿಟೈಸರ್‌ಗೂ ಕಾಗದಕ್ಕೂ ಆಗಿಬರುವುದಿಲ್ಲ. ಗೇಟಿನಲ್ಲಿ ಹಾಕಿಸಿಕೊಂಡ ಒದ್ದೆ ಕೈಯಿಂದಲೇ ಪ್ರವೇಶ ಪತ್ರ ಹಿಡಿದವರ ನೋಂದಣಿ ಸಂಖ್ಯೆಯ ಮಸಿ ಹರಡಿತು. ಹೀಗಾಗಿ ಎರಡನೆಯ ದಿನದಿಂದ ಪತ್ರವನ್ನು ಪಾರದರ್ಶಕ ಕವರಿನಲ್ಲಿಟ್ಟು ತರಲು ಹೇಳಿದೆವು, ಉತ್ತರ ಪತ್ರಿಕೆ ಕೊಡುವ ಮೊದಲು ಕೈ ಒಣಗಿದೆಯೇ ಎಂದು ಕೇಳುವಂತೆ ಮೇಲ್ವಿಚಾರಕರಿಗೆ ಸೂಚಿಸಿದೆವು. ಗುರುತು ಪರಿಶೀಲನೆಯೂ ಹೊಸ ಸಮಸ್ಯೆಯೇ ಆಗಿತ್ತು. ಪ್ರವೇಶ ಪತ್ರದ ಭಾವಚಿತ್ರದೊಂದಿಗೆ ಮುಖ ತಾಳೆ ನೋಡಬೇಕು, ಮುಖದ ಅರ್ಧಕ್ಕೆ ಬಟ್ಟೆ. ಮೇಲ್ವಿಚಾರಕರು ಬಾಗಿಲ ಬಳಿಯೇ ನಿಂತು, ಮಗು ತನ್ನ ಜಾಗದಲ್ಲೇ ಕುಳಿತು, ಒಂದು ಕ್ಷಣ ಮಾಸ್ಕ್ ಕೆಳಗಿಳಿಸಿ ಮತ್ತೆ ಹಾಕಿಕೊಳ್ಳುವ ಕ್ರಮ ಮಾಡಿಕೊಂಡೆವು. ಕುಡಿಯುವ ನೀರನ್ನು ಮನೆಯಿಂದಲೇ ತರಬೇಕೆಂದು ಹೇಳಿದ್ದರೂ ಬಾಟಲಿಯಿಲ್ಲದೆ ಬಂದವರಿಗಾಗಿ ಒಂದಷ್ಟು ಬಾಟಲಿಗಳನ್ನು ಊರಿನ ದಾನಿಗಳು ಕೊಡಿಸಿದ್ದರು.

ಮಾಸ್ಕ್ ಹಾಕಿ ಮೂರು ಗಂಟೆ ಬರೆಯುವುದು ಎಷ್ಟು ಕಷ್ಟವೆಂದು ಹೊರಗಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ಭಾವನೆ. ಕನ್ನಡಕ ಹಾಕಿದ ಮಕ್ಕಳ ಗಾಜಿಗೆ ಉಸಿರಿನ ಆವಿ ಕಟ್ಟುತ್ತಿತ್ತು, ಅವರು ಐದೈದು ನಿಮಿಷಕ್ಕೆ ಒರೆಸಿಕೊಳ್ಳುತ್ತಿದ್ದರು. ಮೇಲ್ವಿಚಾರಕರ ಮಾತು ಬಟ್ಟೆಯೊಳಗೇ ಉಳಿದು ಕೊನೆಯ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಕೆಲವರು ಸೂಚನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯತೊಡಗಿದರು, ಅದು ಎಲ್ಲ ಕೊಠಡಿಗಳಿಗೂ ಹಬ್ಬಿತು.

ಕಂಟೈನ್‌ಮೆಂಟ್ ವಲಯದ ಮಕ್ಕಳ ಕೊಠಡಿಯ ವಿಷಯ ಬೇರೆಯೇ. ಸೋಂಕು ಕಂಡುಬಂದು ಸೀಲ್‌ಡೌನ್ ಆದ ಬೀದಿಗಳಿಂದ ಬರುವ ಮಕ್ಕಳನ್ನು ಪ್ರತ್ಯೇಕ ವಾಹನದಲ್ಲಿ ಕರೆತಂದು, ಎನ್-95 ಮಾಸ್ಕ್ ಕೊಟ್ಟು, ಬೇರೆಯದೇ ಕೊಠಡಿಯಲ್ಲಿ ಬರೆಸಬೇಕೆಂಬುದು ನಿಯಮ. ನಮ್ಮಲ್ಲಿ ಅಂಥವರು ಬೆರಳೆಣಿಕೆಯಷ್ಟೇ ಇದ್ದರು. ಆ ಕೊಠಡಿಗೆ ಮೇಲ್ವಿಚಾರಕರು ಯಾರೆಂಬ ಪ್ರಶ್ನೆ ಬಂದಾಗ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಕಾಗದ ನೋಡತೊಡಗಿದರು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಸಕ್ಕರೆ ಕಾಯಿಲೆಯಿದೆ, ಚಿಕ್ಕ ಮಗುವಿದೆ, ಇವೆಲ್ಲ ನಿಜವಾದ ಕಾರಣಗಳೇ, ನೆಪಗಳಲ್ಲ. ಕೊನೆಗೆ ಹಿಂದಿ ಕಲಿಸುವ ಶಿಕ್ಷಕಿಯೊಬ್ಬರು ತಾವು ಹೋಗುವುದಾಗಿ ಹೇಳಿದರು. ಹೊರಗಿನ ದಾರಿಯಲ್ಲಿ ಉಳಿದ ಮಕ್ಕಳ ಕಣ್ಣಿಗೆ ಬೀಳದಂತೆ ಹಿಂಬದಿಯ ಗೇಟಿನ ಪಕ್ಕದ ಕೊಠಡಿಯನ್ನೇ ಆ ಮಕ್ಕಳಿಗೆ ಕೊಡಿಸಿದ್ದೂ ಅವರೇ. ಬೆರಳು ಮಾಡಿ ತೋರಿಸುವ ಜನರಿಗೆ ಇದು ಸಾಕಾಗಿತ್ತು ಸಾರ್, ಅದಕ್ಕೆ, ಎಂದು ಕಾರಣ ಹೇಳಿದರು. ಮುಂಬೈಯಿಂದ ಬಂದ ಮನೆಗಳೆಂದರೆ ಊರಿನ ಬೋರ್‌ವೆಲ್ಲಿನಲ್ಲಿ ನೀರು ಹಿಡಿಯಲೂ ಬಿಡದ ಬೀದಿಗಳನ್ನು ನಾವೆಲ್ಲ ಆ ತಿಂಗಳುಗಳಲ್ಲಿ ಕಂಡಿದ್ದೆವು.

ಆ ಕೊಠಡಿಯ ಹುಡುಗನೊಬ್ಬ ಮೊದಲ ದಿನ ಉತ್ತರ ಪತ್ರಿಕೆ ಒಪ್ಪಿಸುವಾಗ ನನ್ನನ್ನು ಕೇಳಿದ: “ಸಾರ್, ನಮ್ ಪೇಪರ್ನ ಬೇರೆ ಇಡ್ತೀರಾ? ತಿದ್ದೋರು ಮುಟ್ತಾರಾ ಸಾರ್?” ಪ್ರಶ್ನೆಪತ್ರಿಕೆ ಕಷ್ಟವಿತ್ತೇ ಎಂದು ಕೇಳಲು ಹೋಗಿದ್ದ ನನಗೆ ಈ ಪ್ರಶ್ನೆ ಅನಿರೀಕ್ಷಿತವಾಗಿತ್ತು. ಎಲ್ಲರದೂ ಒಂದೇ ಮೌಲ್ಯಮಾಪನ ಕಣಪ್ಪ, ತಿದ್ದುವವರಿಗೆ ನೀನು ಯಾವ ಕೊಠಡಿಯಲ್ಲಿ ಬರೆದೆಯೆಂದೇ ತಿಳಿಯುವುದಿಲ್ಲ ಎಂದು ಹೇಳಿದೆ. ಅವನು ನಂಬಿದನೋ ಇಲ್ಲವೋ, ಮುಂದಿನ ಪರೀಕ್ಷೆಗೂ ಬಂದ. ಸೋಂಕಿನಿಂದಲೋ ಭಯದಿಂದಲೋ ಬರಲಾಗದ ಮಕ್ಕಳು ಮುಂದಿನ ಪೂರಕ ಪರೀಕ್ಷೆಯಲ್ಲಿ ಹೊಸ ಅಭ್ಯರ್ಥಿಗಳೆಂದೇ ಬರೆಯಬಹುದೆಂದು ಇಲಾಖೆ ಹೇಳಿತ್ತು. ಈ ಮಾತು ಹಳ್ಳಿಗಳಿಗೆ ಸರಿಯಾಗಿ ತಲುಪಲಿಲ್ಲ. ತಲುಪಿದ್ದರೆ ಮೈ ಬಿಸಿಯಿದ್ದೂ ಮಾತ್ರೆ ನುಂಗಿ ಬಂದ ಆ ಹುಡುಗನಂಥವರು ಮನೆಯಲ್ಲೇ ಉಳಿಯುತ್ತಿದ್ದರೇನೋ.

ಮಕ್ಕಳನ್ನು ಹೊರಗೆ ಬಿಡುವಾಗಲೇ ನಮ್ಮ ಏರ್ಪಾಡಿಗೆ ನಿಜವಾದ ಪೆಟ್ಟು ಬಿತ್ತು. ಕೊನೆಯ ಗಂಟೆಯ ನಂತರ ಒಂದೊಂದೇ ಕೊಠಡಿಯನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಕಳಿಸುವ ಕ್ರಮ ಹಾಕಿಕೊಂಡಿದ್ದೆವು. ಮೊದಲು ಹೊರಟ ಕೊಠಡಿಯವರು ಗೇಟು ದಾಟಿ ಅಲ್ಲೇ ನಿಂತರು, ಗೆಳೆಯರು ಬರಲೆಂದು. ಎರಡನೆಯವರೂ ಹಾಗೆಯೇ ನಿಂತರು. ಒಳಗೆ ನಾವು ಶಿಸ್ತಾಗಿ ಬಿಡಿಸಿ ಕಳಿಸಿದ ಮಕ್ಕಳೆಲ್ಲ ಹೊರಗೆ ಒಂದೇ ಗುಂಪಾಗಿ, ಮಾಸ್ಕನ್ನು ಗಲ್ಲಕ್ಕಿಳಿಸಿ, ಒಂದಂಕದ ಪ್ರಶ್ನೆಗಳ ಉತ್ತರ ತಾಳೆ ನೋಡುತ್ತಿದ್ದರು. ಅವರ ಸುತ್ತ ಹೆತ್ತವರ ಇನ್ನೊಂದು ಗುಂಪು. ಪೊಲೀಸರು ಲಾಠಿ ಬೀಸಿ ಚದುರಿಸಿದರೆ ಬಸ್ ನಿಲ್ದಾಣದಲ್ಲಿ ಮತ್ತೆ ಸೇರುತ್ತಾರೆ, ಅಷ್ಟೇ. ಅಂದು ಸಂಜೆ ಉತ್ತರ ಪತ್ರಿಕೆಗಳ ಬಂಡಲ್ ಕಟ್ಟಿ ಮೊಹರು ಮಾಡಿ ಕಳಿಸಿದ ಮೇಲೆ ಇದೇ ಚರ್ಚೆ. ಕೊಠಡಿಗಳ ಕ್ರಮದಲ್ಲಿ ಬಿಡುವುದು ಕಾಗದದ ಮೇಲೆ ಚಂದ, ಆದರೆ ಮಕ್ಕಳು ಮನೆಗೆ ಹೋಗುವುದು ಕೊಠಡಿಗಳ ಕ್ರಮದಲ್ಲಲ್ಲ, ಊರುಗಳ ಕ್ರಮದಲ್ಲಿ ಎಂದು ಆ ಚಾರ್ಟ್ ಬರೆದ ಸಿ.ಆರ್.ಪಿ. ಹೇಳಿದರು. ಕಿಕ್ಕೇರಿ ಕಡೆಯ ಹುಡುಗಿ ಒಂದನೇ ಕೊಠಡಿಯಲ್ಲಿದ್ದರೆ ಅವಳ ಜೊತೆಗಾತಿ ಹನ್ನೊಂದರಲ್ಲಿರುತ್ತಾಳೆ, ಇಬ್ಬರದೂ ಒಂದೇ ವ್ಯಾನು. ಬೇಗ ಬಿಟ್ಟವಳು ಕಾಯದೆ ಇನ್ನೇನು ಮಾಡಬೇಕು?

ಎರಡನೆಯ ಪರೀಕ್ಷೆಯಿಂದ ಊರಿನ ಹೆಸರು ಹಿಡಿದು ಬಿಡತೊಡಗಿದೆವು. ವ್ಯಾನು ಗೇಟಿಗೆ ಬಂದು ನಿಂತ ಮೇಲೆ ಧ್ವನಿವರ್ಧಕದಲ್ಲಿ ಅಕ್ಕಿಹೆಬ್ಬಾಳು ಮಾರ್ಗ, ಸಂತೇಬಾಚಹಳ್ಳಿ ಮಾರ್ಗ ಎಂದು ಕೂಗುವುದು, ಆ ಮಾರ್ಗದವರು ಮಾತ್ರ ಎಲ್ಲ ಕೊಠಡಿಗಳಿಂದ ಎದ್ದು ಬರುವುದು, ಉಳಿದವರು ಬೆಂಚಿನಲ್ಲೇ ಕುಳಿತಿರುವುದು. ಸ್ವಂತ ಬೈಕಿನಲ್ಲಿ ಕರೆದೊಯ್ಯಲು ಬಂದ ಹೆತ್ತವರನ್ನು ಹಿಂಬದಿಯ ಗೇಟಿಗೆ ಕಳಿಸಿದೆವು. ಇಡೀ ಶಾಲೆ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಹಸಿದ ಮಕ್ಕಳು ಗೊಣಗುತ್ತಿದ್ದರು, ಮೇಲ್ವಿಚಾರಕರೂ ಗೊಣಗುತ್ತಿದ್ದರು. ಆದರೆ ಗೇಟಿನ ಹೊರಗೆ ಗುಂಪು ಕಾಣಲಿಲ್ಲ. ಉಳಿದ ದಿನಗಳ ಪರೀಕ್ಷೆಗಳು, 27ರ ಗಣಿತವೂ ಸೇರಿ, ಹೆಚ್ಚಿನ ತೊಡಕಿಲ್ಲದೆ ಸಾಗಿದವು. ಗಣಿತದ ದಿನ ಅಳುತ್ತ ಹೊರಬಂದ ಮಕ್ಕಳ ವಿಷಯದಲ್ಲಿ ಮಾತ್ರ ಯಾವ ಮುನ್ನೆಚ್ಚರಿಕೆಯೂ ಕೆಲಸ ಮಾಡಲಿಲ್ಲ, ಅದು ಪ್ರತಿವರ್ಷದ ಕಥೆ.

ನಮ್ಮ ಪರೀಕ್ಷೆ ಆರಂಭವಾದ ದಿನವೇ ಸಿ.ಬಿ.ಎಸ್.ಇ. ತನ್ನ ಬಾಕಿ ಪರೀಕ್ಷೆಗಳನ್ನು ರದ್ದುಪಡಿಸುವುದಾಗಿ ಸುಪ್ರೀಂ ಕೋರ್ಟಿಗೆ ತಿಳಿಸಿತೆಂಬ ಸುದ್ದಿ ಸಂಜೆ ಬಂದಿತ್ತು. ನಾವು ಮಾಡುತ್ತಿರುವುದು ಧೈರ್ಯವೋ ಹಟವೋ ಎಂದು ಶಿಕ್ಷಕರು ಜಗಳವಾಡಿದ್ದುಂಟು. ಪರೀಕ್ಷೆಗಳು ಮುಗಿಯುವ ವೇಳೆಗೆ ರಾಜ್ಯದಲ್ಲಿ 32 ಪರೀಕ್ಷಾರ್ಥಿಗಳಿಗೆ ಸೋಂಕು ದೃಢಪಟ್ಟು, ಸುಮಾರು 80 ಮಂದಿ ಹೋಮ್ ಕ್ವಾರಂಟೈನ್‌ನಲ್ಲಿದ್ದಾರೆಂದು ವರದಿಯಾಯಿತು. ಎಂಟು ಲಕ್ಷಕ್ಕೂ ಮೀರಿದ ಮಕ್ಕಳಲ್ಲಿ 32 ಎಂದರೆ ಯಶಸ್ಸೆಂದು ಹಲವರು ಹೇಳಿದರು. ಗಣಿತದವನಾಗಿ ನನಗೆ ಆ ಅಂಕಿಯಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಲಾಗಲಿಲ್ಲ. ಪರೀಕ್ಷೆ ಬರೆದ ಎಲ್ಲರನ್ನೂ ತಪಾಸಣೆಗೆ ಒಳಪಡಿಸಿರಲಿಲ್ಲ, ಸೋಂಕು ತಗಲಿದವರಿಗೆ ಅದು ಮನೆಯಿಂದ ಬಂತೋ ಕೇಂದ್ರದಿಂದ ಬಂತೋ ಎಂದು ಆ ಸಂಖ್ಯೆ ಹೇಳುವುದಿಲ್ಲ, ಮಗು ಮನೆಗೊಯ್ದದ್ದು ಅಜ್ಜಿಗೆ ತಗಲಿದ್ದರೆ ಅದು ಈ ಲೆಕ್ಕದಲ್ಲಿ ಸೇರುವುದೂ ಇಲ್ಲ. ಕೇಂದ್ರಗಳು ಸೋಂಕಿನ ದೊಡ್ಡ ಮೂಲಗಳಾಗಲಿಲ್ಲವೆಂದಷ್ಟೇ ಹೇಳಬಹುದು, ಅದೂ ಸಣ್ಣ ವಿಷಯವಲ್ಲ.

ಕೊನೆಯ ಪರೀಕ್ಷೆಯ ನಂತರದ ಎರಡು ವಾರ ಆಯಾ ಶಾಲೆಯವರು ತಮ್ಮ ಮಕ್ಕಳ ಮನೆಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಬೇಕೆಂದು ನಮ್ಮ ಕೇಂದ್ರದಲ್ಲಿ ತೀರ್ಮಾನಿಸಿದ್ದೆವು. ಈ ಬಾರಿ ಸಂಖ್ಯೆಗಳೆಲ್ಲ ಸರಿಯಾಗಿದ್ದವು. ಪರೀಕ್ಷೆಗೆ ಮುಂಚೆ ಸಂಶಯದಿಂದ ಮಾತಾಡಿದ್ದ ಹೆತ್ತವರು ಈಗ ಫಲಿತಾಂಶ ಯಾವಾಗ ಮೇಷ್ಟ್ರೇ ಎಂದು ಮಾತ್ರ ಕೇಳುತ್ತಿದ್ದರು. ಆಗಸ್ಟ್ 10ರಂದು ಫಲಿತಾಂಶ ಬಂತು, ರಾಜ್ಯದ ಒಟ್ಟು ಫಲಿತಾಂಶ ಶೇ. 71.80. ಇತ್ತ ನಮ್ಮ ಕೆಲಸ ಇನ್ನೂ ಮುಗಿದಿರಲಿಲ್ಲ. ಸ್ಕ್ಯಾನರ್‌ಗಳನ್ನು ಆರೋಗ್ಯ ಇಲಾಖೆಗೆ ಹಿಂತಿರುಗಿಸಿದ ರಸೀದಿ, ಉಳಿದ ಸ್ಯಾನಿಟೈಸರ್‌ನ ದಾಸ್ತಾನು, ಬೆಂಚು ತಂದ ಟ್ರ್ಯಾಕ್ಟರಿನ ಬಾಡಿಗೆ ಓಚರು, ತುಕ್ಕು ಹಿಡಿದ ಗೇಟಿಗೆ ಬಿಟ್ಟ ಎಣ್ಣೆಯ ಬಿಲ್ಲು, ಇವೆಲ್ಲ ಲೆಕ್ಕಕ್ಕೆ ಸೇರಬೇಕಿತ್ತು. ಎಣ್ಣೆಯ ಬಿಲ್ಲನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕೆಂದು ತಿಳಿಯದೆ ಗುಮಾಸ್ತರು ಅದನ್ನು ಎರಡು ಬಾರಿ ವಾಪಸು ಕಳಿಸಿದರು. ಸೆಪ್ಟೆಂಬರಿನಲ್ಲಿ ಪೂರಕ ಪರೀಕ್ಷೆಗೆ ಮತ್ತೆ ಸಭೆ ಸೇರಿದಾಗ ಮುಖ್ಯ ಅಧೀಕ್ಷಕರು ಮೊದಲು ಹರವಿದ್ದು ಆ ಬಣ್ಣದ ಪೆನ್ಸಿಲ್ಲಿನ ಊರುಗಳ ನಕ್ಷೆಯನ್ನು, ಕೊಠಡಿಗಳ ಪಟ್ಟಿ ಅದರ ನಂತರ ಬಂತು.